ತಳ್ಳಿ ಹಾಕಿದ ಲಿವರ್‌ಗೂ ಲೆಕ್ಕ ಬರೆದಿಟ್ಟಿದ್ದು (ನನ್ನ ಅನುಭವ)

ನಾನು ಪಶುವೈದ್ಯ. ನಮ್ಮ ಕಡೆಯ ಒಂದು ಸ್ಲಾಟರ್ ಹೌಸಲ್ಲಿ ಕೆಲವು ವರ್ಷ ಮಾಂಸ ತಪಾಸಣೆ ಮಾಡಿದೀನಿ, ಅಲ್ಲಿಗೆ ಬರ್ತಿದ್ದದ್ದು ಕುರಿ ಮೇಕೆ ಮಾತ್ರ. 2001ರ ಕೇಂದ್ರದ ನಿಯಮದಲ್ಲಿ ಒಬ್ಬ ಡಾಕ್ಟ್ರು ಕುಯ್ಯೋಕೆ ಮುಂಚೆ ಗಂಟೆಗೆ 12, ದಿನಕ್ಕೆ 96 ಪ್ರಾಣಿಗಿಂತ ಜಾಸ್ತಿ ಪರೀಕ್ಷೆ ಮಾಡೋ ಹಾಗಿಲ್ಲ ಅಂತಿದೆ, ಅಂದ್ರೆ ಒಂದೊಂದಕ್ಕೂ ಐದು ನಿಮಿಷ. ಭಾನುವಾರ ಬೆಳಗಿನ ಜಾವ ಎಲ್ರಿಗೂ ಅಂಗಡಿ ತೆಗೆಯೋ ಅವಸರ, ಆ ಐದು ನಿಮಿಷ ಬಿಟ್ಟುಕೊಡದೇ ಇರೋದೇ ಅರ್ಧ ಕೆಲಸ.

ಕುಯ್ದ ಮೇಲೆ ನಾನು ಮೊದಲು ಕೈ ಹಾಕ್ತಿದ್ದದ್ದು ಲಿವರ್‌ಗೆ. ಪೂರ್ತಿ ಸವರಿ ನೋಡಿ, ಎಲ್ಲಾದ್ರೂ ಗಟ್ಟಿ ಸಿಕ್ರೆ ಗುರುತು ಮಾಡ್ಕೊಂಡು, ಆಮೇಲೆ ಒಳಮುಖದಲ್ಲಿ ಪಿತ್ತನಾಳದ ಮೇಲೆ ಅಡ್ಡ ಕೊಯ್ದು ಹಿಸುಕಬೇಕು, ಲಿವರ್ ಫ್ಲೂಕ್ ಇದ್ರೆ ಕಂದು ಬಣ್ಣದ ಎಲೆ ಥರದ ಹುಳ ಆಚೆ ಬರುತ್ತೆ, ನಾಳ ದಪ್ಪಗಾಗಿರುತ್ತೆ. ಶ್ವಾಸಕೋಶ ಕಣ್ಣಲ್ಲಿ ನೋಡಿದ್ರೆ ಸಾಲದು, ಒತ್ತಿ ನೋಡ್ಬೇಕು, ಹೈಡಾಟಿಡ್ ಗುಳ್ಳೆ (ನಾಯಿಯ ಒಂದು ಲಾಡಿಹುಳದ ಮರಿ ಹಂತ ಇರೋ ನೀರ್ಗುಳ್ಳೆ) ಒಳಗೇ ಹೂತುಕೊಂಡಿರುತ್ತೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿದ್ರೆ ತುಂಬಾ ದುಡ್ಡು ಉಳಿಯುತ್ತೆ. ಹೊಟ್ಟೆ ಪೊರೆಗೆ, ಲಿವರ್ ಮೇಲ್ಭಾಗಕ್ಕೆ ಜೋತುಬಿದ್ದಿರೋ ತೆಳು ನೀರ್ಗುಳ್ಳೆ, ಒಳಗೆ ಒಂದೇ ಒಂದು ಬಿಳಿ ಚುಕ್ಕೆ ಕಾಣೋದು, ಅದು ನಾಯಿಯ ಬೇರೆ ಒಂದು ಲಾಡಿಹುಳದ ಮರಿ ಹಂತ, ಮನುಷ್ಯರಿಗೆ ಬರಲ್ಲ. ಅಲ್ಲೊಂದು ಇಲ್ಲೊಂದು ಇದ್ರೆ ಅಷ್ಟನ್ನೇ ಕತ್ತರಿಸಿ ಉಳಿದಿದ್ದು ಪಾಸ್ ಮಾಡ್ತಿದ್ದೆ. ಹೈಡಾಟಿಡ್ ಆದ್ರೆ ಗೋಡೆ ದಪ್ಪ, ಮಾಂಸದ ಒಳಗೆ ಬೇರೂರಿರುತ್ತೆ, ಅಂಥ ಲಿವರ್ ನಾನು ಬಿಡ್ತಾನೇ ಇರ್ಲಿಲ್ಲ.

ಆಮೇಲೆ ಲೆಕ್ಕ. ತಿನ್ನೋಕೆ ಯೋಗ್ಯ ಅಲ್ಲ ಅಂತ ತಳ್ಳಿದ ಪ್ರತಿ ಅಂಗವನ್ನೂ ತೂಕ ಹಾಕಿ, ಯಾಕೆ ತಳ್ಳಿದ್ದು, ಪೂರ್ತಿನೋ ಭಾಗನೋ, ಕುರಿ ಯಾವ ಸಂತೆಯಿಂದ ಬಂತು, ಅವತ್ತಿನ ಅಂಗಡಿ ರೇಟ್ ಎಷ್ಟು ಅಂತ ಪುಸ್ತಕದಲ್ಲಿ ಬರೆದೆ. ಕೆಜಿ 800 ಇರೋ ದಿನ 400 ಗ್ರಾಂ ಲಿವರ್ ಹೋದ್ರೆ 320 ರೂಪಾಯಿ. "ಡಾಕ್ಟ್ರೇ, ಈ ಕುರೀಲಿ ನಂಗೆ ಉಳಿಯೋದೇ ಅಷ್ಟು, ಅದನ್ನೂ ಗುಂಡಿಗೆ ಹಾಕ್ಸಿದ್ರಿ" ಅಂತ ಮಟನ್ ಅಂಗಡಿಯವರೊಬ್ರು ಹೇಳಿದ್ದು ಸುಳ್ಳಲ್ಲ, ಅವರಿಗೆ ಯಾರೂ ಪರಿಹಾರ ಕೊಡಲ್ಲ. ಅದಕ್ಕೇ ಅವರ ಕೈಗೇ ಗುಳ್ಳೆ ಕೊಟ್ಟು ಮುಟ್ಟಿ ನೋಡಿ ಅಂತಿದ್ದೆ. ಕಾರಣ ಹೇಳದೆ ಬರೀ ತಳ್ಳಿದ್ರೆ ಮುಂದಿನ ವಾರ ಅವರು ಮನೆ ಹಿಂದೇನೇ ಕುಯ್ತಾರೆ, ತಪಾಸಣೆಗೇ ಬರಲ್ಲ.

ತಳ್ಳಿದ ಅಂಗ ಎಲ್ಲಿಗೆ ಹೋಗುತ್ತೆ ಅನ್ನೋದು ನಂಗೆ ಎಲ್ಲಕ್ಕಿಂತ ಮುಖ್ಯ. ಗೇಟ್ ಆಚೆ ನಾಯಿಗಳು ಕಾಯ್ತಿರುತ್ತವೆ, ಹೈಡಾಟಿಡ್ ಗುಳ್ಳೆ ತಿಂದ ನಾಯಿ ಹೊಟ್ಟೇಲಿ ಲಾಡಿಹುಳ ಬೆಳೆದು, ಮೊಟ್ಟೆ ನಾಯಿ ಮಲದ ಜೊತೆ ಹುಲ್ಲಿಗೆ ನೀರಿಗೆ ಬಿದ್ದು, ಕುರಿಗೂ ಬರುತ್ತೆ, ಮನುಷ್ಯನ ಲಿವರ್‌ಗೂ ಬರುತ್ತೆ. ಜನಕ್ಕೆ ರೋಗ ಬರೋದು ಮಟನ್ ತಿಂದಲ್ಲ, ನಾಯಿಯಿಂದ ಬಂದ ಮೊಟ್ಟೆ ಬಾಯಿಗೆ ಹೋಗಿ. ಮನುಷ್ಯನಿಗೆ ಆಪರೇಷನ್ ಬೇಕಾದ್ರೆ ಆಗೋ ಖರ್ಚಿನ ಮುಂದೆ 320 ರೂಪಾಯಿ ಎಲ್ಲಿ? ಅದಕ್ಕೆ ತಳ್ಳಿದ್ದನ್ನೆಲ್ಲ ಚೂರು ಮಾಡಿ, ಫಿನಾಯಿಲ್ ಸುರಿದು, ಆಳ ಗುಂಡೀಲಿ ಸುಣ್ಣ ಹಾಕಿ ಮುಚ್ಚಿಸ್ತಿದ್ದೆ, ಮುಚ್ಚೋವರೆಗೂ ಅಲ್ಲೇ ನಿಂತಿರ್ತಿದ್ದೆ.

ಪುಸ್ತಕದಲ್ಲಿ ಸಂತೆ ಹೆಸರು ಬರೆದಿದ್ದು ಆಮೇಲೆ ಕೆಲಸಕ್ಕೆ ಬಂತು. ಫ್ಲೂಕ್ ಜಾಸ್ತಿ ಸಿಕ್ತಿದ್ದದ್ದು ಕೆರೆ ಅಂಗಳದಲ್ಲಿ, ಗದ್ದೆ ಬದೂಲಿ ಮೇಯೋ ಮಂದೆಗಳಲ್ಲಿ, ಫ್ಲೂಕ್ ಮರಿ ಬೆಳೆಯೋ ಬಸವನಹುಳ ಅಲ್ಲೇ ಇರೋದು. ಆ ಕಡೆ ಕುರಿಗಾರರ ಹತ್ರ ಹೋಗಿ, "ಯಜಮಾನ್ರೇ, ಗದ್ದದ ಕೆಳಗೆ ನೀರು ತುಂಬಿರೋ ಕುರಿ ಇದ್ಯಾ" ಅಂತ ಕೇಳಿ, ಫ್ಲೂಕ್‌ಗೆ ಔಷಧಿ ಹಾಕೋದು ಶುರು ಮಾಡಿಸಿದ್ವಿ, ಮಂದೆ ನಾಯಿಗೂ ಲಾಡಿಹುಳದ ಔಷಧಿ ಪ್ರಾಜಿಕ್ವಾಂಟೆಲ್ ಕೊಡಿಸಿದ್ವಿ. ಔಷಧಿ ಹಾಕಿದ ಕುರಿನ ಲೇಬಲ್ ಮೇಲೆ ಬರೆದಿರೋಷ್ಟು ದಿನ ಕಳೆಯೋವರೆಗೂ ಸಂತೆಗೆ ಹೊಡೀಬೇಡಿ ಅಂತಾನೂ ಹೇಳಿದೀವಿ.