ಎರಡು ಬೆಚ್ಚನೆಯ ಬಣ್ಣಗಳಲ್ಲಿ ಕೋಣೆಗೆ ಒಪ್ಪುವುದನ್ನು ಆರಿಸುವ ಬಗೆ

ಕೆನೆಬಣ್ಣ ಮತ್ತು ತಿಳಿ ಪೀಚ್‌ನಂಥ ಎರಡು ಬೆಚ್ಚನೆಯ ಬಣ್ಣಗಳು ಶೇಡ್ ಕಾರ್ಡ್‌ನಲ್ಲಿ ಹೆಚ್ಚುಕಡಿಮೆ ಒಂದೇ ಎನ್ನಿಸಿದರೂ ಗೋಡೆಗೆ ಬಳಿದ ಮೇಲೆ ಅವುಗಳ ಅಂತರ ಎದ್ದು ಕಾಣುತ್ತದೆ. ಎದುರುಬದುರಾದ ಗೋಡೆಗಳ ನಡುವೆ ಬೆಳಕು ಪ್ರತಿಫಲಿಸುವಾಗಲೆಲ್ಲ ಅದೇ ಬಣ್ಣವನ್ನು ಹೊತ್ತು ಮರಳುವುದರಿಂದ, ಕಾರ್ಡಿನಲ್ಲಿ ಮೆಲುವಾಗಿದ್ದ ಛಾಯೆ ಕೋಣೆಯಲ್ಲಿ ಗಾಢವಾಗುತ್ತದೆ. ಆದ್ದರಿಂದ ಕಾರ್ಡನ್ನು ನೋಡಿಯೇ ತೀರ್ಮಾನಿಸಬಾರದು.

ಮೊದಲು ಎರಡನ್ನೂ ಅಚ್ಚ ಬಿಳಿ ಹಾಳೆಯ ಮೇಲಿಟ್ಟು, ಯಾವುದು ಹಳದಿಯ ಕಡೆಗೆ, ಯಾವುದು ಕೆಂಪಿನ ಕಡೆಗೆ ವಾಲುತ್ತದೆ ಎಂಬುದನ್ನು ಗುರುತಿಸಿ. ಬಳಿಕ ತಯಾರಕರು ನೀಡುವ ಎಲ್‌ಆರ್‌ವಿ ಸಂಖ್ಯೆಯನ್ನು ಗಮನಿಸಿ. ಬಣ್ಣವು ಎಷ್ಟು ಬೆಳಕನ್ನು ಹಿಂತಿರುಗಿಸುತ್ತದೆ ಎಂಬುದನ್ನು 0 (ಕಪ್ಪು) ಇಂದ 100 (ಬಿಳಿ) ವರೆಗೆ ಅಳೆಯುವ ಈ ಸಂಖ್ಯೆ ಎರಡರಲ್ಲಿ ತುಂಬ ಬೇರೆಯಾಗಿದ್ದರೆ, ನಿಮಗೆ ಹಿಡಿಸಿದ್ದು ಬಣ್ಣವೋ ಅಥವಾ ಅದು ತಿಳಿಯಾಗಿರುವುದಷ್ಟೆಯೋ ಎಂದು ಕೇಳಿಕೊಳ್ಳಬೇಕು.

ಮಾದರಿಯನ್ನು ನೇರವಾಗಿ ಗೋಡೆಗೆ ಬಳಿಯುವುದಕ್ಕಿಂತ ದಪ್ಪ ರಟ್ಟಿಗೆ ಬಳಿಯುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸುತ್ತಲಿನ ಹಳೆಯ ಬಣ್ಣ ಹೊಸದನ್ನು ಕಾಣುವ ಕಣ್ಣನ್ನೇ ದಾರಿ ತಪ್ಪಿಸುತ್ತದೆ. ಅಂಚಿನಲ್ಲಿ ಬಿಳಿಯನ್ನು ಉಳಿಸಿ, ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಿದ ನಂತರ ರಟ್ಟನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ. ನೆಲದ ಮೇಲೆ ಮಲಗಿಸಿದರೆ ಗೋಡೆಯ ಮೇಲೆ ಬೀಳುವ ಬೆಳಕು ಅದರ ಮೇಲೆ ಬೀಳುವುದಿಲ್ಲ. ಎರಡನ್ನೂ ಅಕ್ಕಪಕ್ಕ ನೋಡುವುದರ ಜೊತೆಗೆ ಒಂದೊಂದನ್ನೇ ಪ್ರತ್ಯೇಕವಾಗಿಯೂ ನೋಡಬೇಕು. ಪೀಚ್‌ನ ಪಕ್ಕದಲ್ಲಿ ಕೆನೆಬಣ್ಣ ಇರುವುದಕ್ಕಿಂತ ಹೆಚ್ಚು ಹಳದಿಯಾಗಿ, ಕೆಲವೊಮ್ಮೆ ತುಸು ಹಸಿರಾಗಿಯೂ ಕಾಣಬಹುದು, ಆದರೆ ಬಳಿದ ಕೋಣೆಯಲ್ಲಿ ಆ ಪೀಚ್ ಇರುವುದೇ ಇಲ್ಲ.

ರಟ್ಟುಗಳನ್ನು ಕಿಟಕಿಯ ಪಕ್ಕಕ್ಕೂ ಕತ್ತಲ ಮೂಲೆಗೂ ಸರಿಸುತ್ತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತು ದೀಪ ಹಚ್ಚಿದ ಮೇಲೆ ನೋಡಿ. ಉತ್ತರ ಗೋಲಾರ್ಧದಲ್ಲಿ ಉತ್ತರಕ್ಕೆ ತೆರೆದ ಕಿಟಕಿಯಿಂದ ಬರುವ ಬೆಳಕು ನೀಲಿಯತ್ತ ಇರುವುದರಿಂದ ಅಲ್ಲಿ ಹಳದಿ ಛಾಯೆ ಮಂಕಾಗಬಹುದು, ಕೆಂಪಿನ ಲೇಪವುಳ್ಳದ್ದು ಬೆಚ್ಚಗೆ ಉಳಿಯಬಹುದು. 2700 ಕೆಲ್ವಿನ್ (ಬೆಳಕಿನ ಬಣ್ಣವನ್ನು ಸೂಚಿಸುವ ಅಳತೆ) ಬಲ್ಬಿನ ಹೊಂಬೆಳಕು ಎರಡನ್ನೂ ಇನ್ನಷ್ಟು ಹಳದಿಯಾಗಿಸಿದರೆ, 6500 ಕೆಲ್ವಿನ್‌ನ ಬೆಳ್ಳನೆಯ ಬೆಳಕು ಆ ಬೆಚ್ಚನೆಯ ಛಾಯೆಯನ್ನೇ ಕುಗ್ಗಿಸುತ್ತದೆ. ಸಂಜೆಯ ನಂತರವೇ ಹೆಚ್ಚು ಬಳಸುವ ಕೋಣೆಯಾದರೆ ಹಗಲಿನ ನೋಟಕ್ಕಿಂತ ದೀಪದ ನೋಟಕ್ಕೆ ಹೆಚ್ಚು ಬೆಲೆ ಕೊಡಿ. ನೆಲ ಮತ್ತು ಪರದೆಗಳ ಬಣ್ಣವೂ ಗೋಡೆಯ ಮೇಲೆ ಪ್ರತಿಫಲಿಸುವುದರಿಂದ ರಟ್ಟನ್ನು ಅವುಗಳ ಬಳಿಯೂ ಇಟ್ಟು ನೋಡಬೇಕು.

ಎರಡು ಮಾದರಿಗಳ ಫಿನಿಶ್ ಒಂದೇ ಆಗಿರಲಿ. ಒಂದು ಹೊಳಪಿಲ್ಲದ ಮ್ಯಾಟ್, ಇನ್ನೊಂದು ತುಸು ಹೊಳೆಯುವ ಸ್ಯಾಟಿನ್ ಆದರೆ ಹೊಳಪಿನ ವ್ಯತ್ಯಾಸವನ್ನೇ ಬಣ್ಣದ ವ್ಯತ್ಯಾಸವೆಂದು ತಿಳಿಯುವ ಸಾಧ್ಯತೆಯಿದೆ.