ಪಟ್ಟದ ರಾಣಿ ಇಳಿದು ಬಂದ 9 ಸೆಕೆಂಡು

ಮೈಸೂರಿನ ಅಗ್ರಹಾರದ ನಮ್ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿರುವ ಪಟ್ಟದ ರಾಣಿ ಐದು ಮೆಟ್ಟಿಲು ಇಳಿದು ಬಂದು ಅಜ್ಜಿಯ ಕೈ ಸೇರಬೇಕು. ನನ್ನ ಕಿರುಚಿತ್ರದ ಕಥೆ ಇಷ್ಟೇ. ಗೊಂಬೆಯದು ಸ್ಟಾಪ್ ಮೋಷನ್, ಅಂದರೆ ಒಂಚೂರೊಂಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಸಾಲಾಗಿ ಓಡಿಸುವುದು. ಅಜ್ಜಿಯದು ಮಾಮೂಲಿ ವಿಡಿಯೋ.

ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದು ಫೋಟೋ ಎರಡು ಫ್ರೇಮ್ ನಿಂತರೆ ಸೆಕೆಂಡಿಗೆ 12 ಫೋಟೋ ಸಾಕು. ಇಳಿಯಲು 9 ಸೆಕೆಂಡು, ಅಂದರೆ 108 ಫೋಟೋ.

ಮರದ ರಾಣಿ ಕಾಲು ಮಡಚುವುದಿಲ್ಲ ಅಲ್ವಾ? ಎಡಕ್ಕೆ ವಾಲಿಸಿ, ಒಂಚೂರು ತಿರುಗಿಸಿ, ಬಲಕ್ಕೆ ವಾಲಿಸಿ ನಡೆಸಿದೆ. ಬೀಳದಿರಲಿ ಅಂತ ಬುಡಕ್ಕೆ ಮೇಣ. ಮೆಟ್ಟಿಲ ಅಂಚಿನಲ್ಲಿ ದಾರ ಕಟ್ಟಿ ಇಳಿಬಿಟ್ಟೆ. ಖಾಲಿ ಮೆಟ್ಟಿಲಿನ ಫೋಟೋ ಮೊದಲೇ ತೆಗೆದಿಟ್ಟಿದ್ದೆ, ಅದರಿಂದ ಎಡಿಟಿಂಗ್‌ನಲ್ಲಿ ದಾರ ಅಳಿಸಿದೆ.

ಜಾಸ್ತಿ ಕಾಡಿದ್ದು ಸೀರೆ. ಬೆರಳು ತಾಗಿದಾಗಲೆಲ್ಲ ನೆರಿಗೆ ಅಲುಗುತ್ತಿತ್ತು. ಓಡಿಸಿ ನೋಡಿದರೆ ಬಟ್ಟೆ ಕುದಿಯುತ್ತಿರುವ ಹಾಗೆ! ಕೊನೆಗೆ ಗಟ್ಟಿ ಗಂಜಿ ಹಾಕಿ ಒಣಗಿಸಿ, ಸೆರಗಿಗೆ ಗುಂಡುಪಿನ್ನು ಚುಚ್ಚಿದೆ. ಆಮೇಲೆ ಬುಡ ಬಿಟ್ಟು ಬೇರೆಲ್ಲೂ ಮುಟ್ಟಲಿಲ್ಲ.

ಕಿಟಕಿಗೆ ಕಂಬಳಿ ಕಟ್ಟಿದೆ, ಬಿಸಿಲು ಸರಿದರೆ ಬೆಳಕು ಬದಲಾಗುತ್ತದೆ. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರೂ ಮ್ಯಾನ್ಯುಯಲ್, ಕ್ಯಾಮೆರಾ ತಾನೇ ಬದಲಿಸಬಾರದು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಮಿಣುಕಬಾರದು ಅಂತ ಷಟರ್ ತೆರೆದಿರುವ ಹೊತ್ತು 1/50 ಸೆಕೆಂಡು.

ಅಜ್ಜಿಯ ವಿಡಿಯೋ ಮಾರನೇ ದಿನ ತೆಗೆದಿದ್ದು ದೊಡ್ಡ ತಪ್ಪು. ಎರಡನ್ನೂ ಜೋಡಿಸಿದರೆ ರಾಣಿ ಟಕ್ಕಂತ ಪಕ್ಕಕ್ಕೆ ಜಿಗಿದಳು. ನನ್ನ ಕ್ಯಾಮೆರಾದಲ್ಲಿ ಫೋಟೋ ಕಾಣುವಷ್ಟು ಅಗಲ ವಿಡಿಯೋ ಕಾಣುವುದಿಲ್ಲ, ಬಣ್ಣವೂ ಬೇರೆ. ಎಲ್ಲವನ್ನೂ ಮತ್ತೆ ಮಾಡಿದೆ. ಈ ಸಲ ಫೋಟೋ ಬಿಟ್ಟು, ಒಂದೊಂದು ಭಂಗಿಗೂ ಚಿಕ್ಕ ವಿಡಿಯೋ ತೆಗೆದು ಅದರಿಂದ ಒಂದು ಫ್ರೇಮ್ ಎತ್ತಿಕೊಂಡೆ. 108ನೆಯದು ಮುಗಿದ ಕೂಡಲೇ, ಗೊಂಬೆ, ಟ್ರೈಪಾಡ್ ಏನನ್ನೂ ಮುಟ್ಟದೆ ರೆಕಾರ್ಡ್ ಒತ್ತಿದೆ. ಅಜ್ಜಿ ತನ್ನ ನೆರಳು ಮೆಟ್ಟಿಲ ಮೇಲೆ ಬೀಳದಂತೆ ಬಲ್ಬಿನ ಎದುರು ಬದಿಗೆ ಕೂತಿದ್ದರು.

"ಬೇಗ ಆಗ್ಲಿ ಮಗಾ, ಕಾಲು ಜೋಮು ಹಿಡೀತು."

"ಕೈ ಮಾತ್ರ ನಿಧಾನಕ್ಕೆ ತನ್ನಿ ಅಜ್ಜಿ."

ಬೇಗ ಚಾಚಿದ ಕೈ ಮಸುಕಾಗುತ್ತದೆ, ಗೊಂಬೆ ಮಾತ್ರ ಚೂಪಾಗಿ ಕಾಣುತ್ತದೆ. ಆಗ ಇಬ್ಬರೂ ಒಂದೇ ಜಾಗದಲ್ಲಿದ್ದಾರೆ ಅಂತ ಅನಿಸುವುದಿಲ್ಲ.

ಸುಮ್ನೆ ಎತ್ತಿಕೊಳ್ಳಿ ಅಂದಿದ್ದೆ. ಅಜ್ಜಿ ಎತ್ತುವ ಮೊದಲು ಬೆರಳ ತುದಿಯಿಂದ ರಾಣಿಯ ಸೆರಗು ಸರಿ ಮಾಡಿದರು. ಚಿತ್ರದಲ್ಲಿ ಅದನ್ನು ಹಾಗೇ ಉಳಿಸಿಕೊಂಡಿದ್ದೇನೆ.