ವಾರಕ್ಕೊಂದೇ ಸಲ: ಮೆಥೊಟ್ರೆಕ್ಸೇಟ್ ಜೊತೆ ನನ್ನ ನಾಲ್ಕು ವರ್ಷ

ನಾನು ಮನೇಲೇ ಮಿಷಿನ್ ಇಟ್ಕೊಂಡು ಬ್ಲೌಸ್ ಹೊಲಿಯೋಳು. ನಾಲ್ಕು ವರ್ಷದ ಹಿಂದೆ ಬೆಳಿಗ್ಗೆ ಎದ್ರೆ ಎರಡೂ ಕೈ ಬೆರಳು ಮಡಚೋಕೇ ಆಗ್ತಿರ್ಲಿಲ್ಲ, ಗೆಣ್ಣು ಊದ್ಕೊಂಡು ಮುಟ್ಟಿದ್ರೆ ಬಿಸಿ, ಕತ್ತರಿ ಹಿಡಿಯೋಷ್ಟೊತ್ತಿಗೆ ಹತ್ತೂವರೆ ಆಗ್ತಿತ್ತು. ವಾಯು ಅಂದ್ರು ಎಲ್ರೂ. ನಾನೂ ಮೆಡಿಕಲ್ ಶಾಪಿಂದ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ತಂದು ನುಂಗ್ತಾ ಆರು ತಿಂಗಳು ದೂಡಿದೆ, ನುಂಗಿದ್ರೆ ಒಂದಷ್ಟೊತ್ತು ಆರಾಮ, ಆಮೇಲೆ ಮತ್ತೆ ಅದೇ, ಮೇಲೆ ಹೊಟ್ಟೆ ಉರಿ ಬೇರೆ. ಕೊನೆಗೆ ರುಮಟಾಲಜಿ ಅಂದ್ರೆ ಕೀಲುವಾತದ ಡಾಕ್ಟ್ರ ಹತ್ರ ಹೋದೆ, ಆಂಟಿ ಸಿಸಿಪಿ ಅನ್ನೋ ರಕ್ತಪರೀಕ್ಷೆ ಪಾಸಿಟಿವ್ ಬಂತು, ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲುವಾತ ಅಂದ್ರು.

ಡಾಕ್ಟ್ರು ಅವತ್ತು ಬಿಡಿಸಿ ಹೇಳಿದ್ದು ಇನ್ನೂ ನೆನಪಿದೆ. ನೋವಿನ ಮಾತ್ರೆ ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋದು ತಯಾರಾಗೋದನ್ನ ತಡೆಯುತ್ತೆ, ಅದರಿಂದ ನೋವು, ಊತ ಇಳಿಯುತ್ತೆ, ಆದ್ರೆ ಜಠರದ ಒಳಪದರ ಕಾಯೋದೂ ಅದೇ ವಸ್ತು, ಅದಕ್ಕೇ ಹೊಟ್ಟೆಹುಣ್ಣು, ಕಿಡ್ನಿಗೂ ಪೆಟ್ಟು. ಕಾಯಿಲೆ ಮಾತ್ರ ನಿಲ್ಲಲ್ಲ, ನಮ್ಮದೇ ರೋಗನಿರೋಧಕ ಶಕ್ತಿ ಕೀಲನ್ನ ತಿಂತಾನೇ ಇರುತ್ತೆ. ನಾನು ಆರಾಮ ಅಂದ್ಕೊಂಡಿದ್ದ ಆ ಆರು ತಿಂಗಳೂ ಒಳಗೆ ಸವೀತಾನೇ ಇತ್ತು ಅಂತ ಕೇಳಿದಾಗ ತುಂಬಾ ಸಂಕಟ ಆಯ್ತು.

ಆ ಶಕ್ತಿಯ ಅತಿಯಾಟ ತಗ್ಗಿಸೋಕೆ ಮೆಥೊಟ್ರೆಕ್ಸೇಟ್ ಬರೆದ್ರು, ಪುಟ್ಟ ಹಳದಿ ಮಾತ್ರೆ. ನಾದಿನಿ ಮೊಬೈಲಲ್ಲಿ ನೋಡಿ "ಅತ್ತಿಗೆ, ಇದು ಕ್ಯಾನ್ಸರ್ ಮಾತ್ರೆ ಕಣ್ರೀ" ಅಂದ್ಲು, ಎದೆ ಧಸಕ್ ಅಂತು. ನಿಜಾನೇ, ಕ್ಯಾನ್ಸರಿಗೂ ಕೊಡ್ತಾರೆ, ಆದ್ರೆ ಅಲ್ಲಿಯ ಡೋಸ್ ಎಷ್ಟೋ ಪಟ್ಟು ಜಾಸ್ತಿ. ಈ ಔಷಧಿ ಹುಟ್ಟಿದ್ದು 1940ರ ದಶಕದಲ್ಲಿ ಅಮೆರಿಕದಲ್ಲಿ, ನಮ್ಮ ಪಕ್ಕದ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ ಅಂತ ಮಗ ಓದಿ ಹೇಳಿದ. ಯಾಕೋ ಅದಾದ್ಮೇಲೆ ಭಯ ಸ್ವಲ್ಪ ಇಳೀತು.

ಇನ್ನು ಮುಖ್ಯವಾದ ವಿಷಯ. ಇದನ್ನ ತಗೋಬೇಕಾಗಿರೋದು ವಾರಕ್ಕೆ ಒಂದೇ ಸಲ. ಡಾಕ್ಟ್ರು ಹಾಗೇ ಬರೆದಿದ್ರು, ಅಂಗಡಿಯವರು ಕವರ್ ಮೇಲೆ ದಿನಕ್ಕೊಂದು ಅಂತ ಗೀಚಿದ್ರು, ನಾನು ಕವರ್ ನಂಬಿ ಸೋಮವಾರ ಒಂದು, ಮಂಗಳವಾರ ಒಂದು ನುಂಗಿಬಿಟ್ಟೆ. ಮಗ ಚೀಟಿ ನೋಡಿ ಗಾಬರಿಯಾಗಿ ಡಾಕ್ಟ್ರಿಗೆ ಫೋನ್ ಮಾಡ್ದ, ತಕ್ಷಣ ನಿಲ್ಸಿ ಬ್ಲಡ್ ಟೆಸ್ಟ್ ಮಾಡ್ಸಿ ಅಂದ್ರು. ರಿಪೋರ್ಟ್ ನಾರ್ಮಲ್ ಬಂತು, ಆದ್ರೆ ದಿನಾ ತಗೊಂಡ್ರೆ ಬಿಳಿ ರಕ್ತಕಣ ಕುಸಿದು ಜೀವಕ್ಕೇ ಅಪಾಯ ಅಂತ ತಿಳಿದಾಗ ಕೈಕಾಲು ನಡುಗಿತು. ಅವತ್ತಿಂದ ಆ ಮಾತ್ರೆ ಬೇರೆ ಡಬ್ಬೀಲಿ. ಭಾನುವಾರ ರಾತ್ರಿ ಊಟ ಆದ್ಮೇಲೆ ನುಂಗೋದು, ಅಡುಗೆಮನೆ ಕ್ಯಾಲೆಂಡರಲ್ಲಿ ಆ ತಾರೀಖಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕೋದು, ಸುತ್ತು ಇದ್ರೆ ಡಬ್ಬಿ ಮುಟ್ಟೋ ಹಾಗಿಲ್ಲ. ಬುಧವಾರ ಫೋಲಿಕ್ ಆಸಿಡ್, ಮೆಥೊಟ್ರೆಕ್ಸೇಟಿನ ಅಡ್ಡಪರಿಣಾಮ ತಗ್ಗಿಸೋ ವಿಟಮಿನ್ ಮಾತ್ರೆ.

ಫೋಲಿಕ್ ಆಸಿಡ್ ಬಿಟ್ರೆ ಏನಾಗುತ್ತೆ ಅಂತಾನೂ ನೋಡಿದೀನಿ, ಒಂದು ತಿಂಗಳು ಮರೆತಿದ್ದೆ, ಬಾಯೆಲ್ಲಾ ಹುಣ್ಣು, ಸಾರು ಬಾಯಿಗಿಟ್ರೆ ಕಣ್ಣಲ್ಲಿ ನೀರು. ಸೋಮವಾರ ಬೆಳಿಗ್ಗೆ ವಾಕರಿಕೆ ಈಗ್ಲೂ ಇರುತ್ತೆ, ಅವತ್ತು ಕಟಿಂಗ್ ಇಟ್ಕೊಳಲ್ಲ. ಕೂದಲು ಒಂಚೂರು ತೆಳುವಾಗಿದೆ. ಲಿವರ್‌ಗೆ ತೊಂದರೆ ಕೊಡಬಹುದು ಅಂತ ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರಿನ ಎಸ್‌ಜಿಪಿಟಿ, ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್ ಮಾಡಿಸ್ತೀನಿ. ಜ್ವರ ಬಂದ್ರೆ ಆ ವಾರದ್ದು ನುಂಗೋ ಮುಂಚೆ ಡಾಕ್ಟ್ರಿಗೆ ಫೋನ್. ಮಗು ಬೇಕು ಅಂತಿರೋ ಹೆಣ್ಮಕ್ಳು ಇದನ್ನ ಶುರು ಮಾಡೋ ಮುಂಚೆನೇ ಡಾಕ್ಟ್ರ ಹತ್ರ ಬಾಯಿಬಿಟ್ಟು ಹೇಳ್ಲೇಬೇಕು, ಗರ್ಭದಲ್ಲಿರೋ ಮಗುಗೆ ಇದು ತುಂಬಾ ಅಪಾಯ.

ಗುಣ ಬೇಗ ಕಾಣಲ್ಲ. ಮೊದಲ ಎಂಟು ವಾರ ನನಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ, ಆ ನಡುವೆ ತಡ್ಕೊಳ್ಳೋಕೆ ಅಂತ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಿದ್ರು. ಎರಡೇ ದಿನಕ್ಕೆ ಕೈ ಹಗುರ, ಆದ್ರೆ ಮುಖ ಊದಿ ಶುಗರ್ ಏರ್ತು. ಇದೇ ಸಾಕಲ್ವಾ ಅಂತ ಆಸೆ ಆಗುತ್ತೆ, ಬೇಡ, ಹೆಚ್ಚು ದಿನ ತಗೊಂಡ್ರೆ ಮೂಳೆ ಸವೆಯುತ್ತೆ, ಥಟ್ ಅಂತ ಬಿಡೋ ಹಾಗೂ ಇಲ್ಲ, ಡಾಕ್ಟ್ರು ಹೇಳಿದ ಹಾಗೆ ಇಳಿಸ್ತಾ ಬರ್ಬೇಕು. ಮೂರನೇ ತಿಂಗಳು ಒಂದಿನ ಬೆಳಿಗ್ಗೆ ಏಳಕ್ಕೇ ಬ್ಲೌಸಿನ ಹುಕ್ ಹೊಲೀತಾ ಕೂತಿದೀನಿ, ಅರ್ಧ ಡಜನ್ ಹಾಕಿದ್ಮೇಲೆ ಗಮನಕ್ಕೆ ಬಂತು, ಬೆರಳು ನೋಯ್ತಾನೇ ಇಲ್ಲ.